ತಮಗೆ ತಾವೇ ಬುದ್ಧಿ ಹೇಳಿಕೊಂಡವರು

ಈಚಿನ ವರ್ಷಗಳಲ್ಲಿ ನಮ್ಮ ಮಹಾನಗರಗಳಲ್ಲಿ ಹೊಸ ವೃತ್ತಿಯೊಂದು ತಲೆಯೆತ್ತಿದೆ. ಆ ವೃತ್ತಿಯವರಿಗೆ 'ಲೈಫ್ ಕೋಚ್' ಎಂದು ಹೆಸರು. ಬದುಕುವುದು ಹೇಗೆ, ದುಃಖವನ್ನು ನುಂಗಿಕೊಳ್ಳುವುದು ಹೇಗೆ, ಮೇಲಕ್ಕೇರುವುದು ಹೇಗೆ ಎಂಬುದನ್ನು ಅವರು ಗಂಟೆಗೆ ಇಷ್ಟೆಂದು ಶುಲ್ಕ ಪಡೆದು ಹೇಳಿಕೊಡುತ್ತಾರೆ. ಅವರನ್ನು ಹಳಿಯುವ ಉದ್ದೇಶ ನಮಗಿಲ್ಲ. ವೈದ್ಯನಿಗೂ ವಕೀಲನಿಗೂ ಶುಲ್ಕ ತೆರುವ ಲೋಕದಲ್ಲಿ ಮನಸ್ಸಿನ ಗಂಟು ಬಿಡಿಸುವವನಿಗೆ ತೆರಬಾರದೆಂದೇನೂ ಇಲ್ಲ. ಆದರೆ ಬುದ್ಧಿ ಹೇಳುವವರು ಎದುರಾದಾಗ ನಾವು ಕೇಳಿಕೊಳ್ಳಬೇಕಾದ ಮೂರು ಪ್ರಶ್ನೆಗಳುಂಟು. ಇವರು ಯಾರಿಂದ ಕಲಿತರು? ಇವರ ಅಭಿರುಚಿಗಳಾವುವು? ಹೇಳಿದ್ದನ್ನು ಇವರು ಮೊದಲು ತಮ್ಮ ಮೇಲೆ ಪ್ರಯೋಗಿಸಿಕೊಂಡರೆ? ಈ ಮೂರು ಪ್ರಶ್ನೆಗಳನ್ನು ನಮ್ಮ ನಾಡಿನ ಹಿರಿಯರೊಬ್ಬರ ಜೀವನಕ್ಕೆ ಹಚ್ಚಿ ನೋಡುವುದು ಈ ಲೇಖನದ ಉದ್ದೇಶ. ಅವರೇ 'ಮಂಕುತಿಮ್ಮನ ಕಗ್ಗ'ದ ಕರ್ತೃಗಳಾದ ದಿವಂಗತ ಡಿ.ವಿ. ಗುಂಡಪ್ಪನವರು.

ಗುಂಡಪ್ಪನವರು 1887ನೆಯ ಇಸವಿ ಮಾರ್ಚ್ 17ರಂದು ಕೋಲಾರ ಜಿಲ್ಲೆಯ ಮುಳಬಾಗಿಲಿನಲ್ಲಿ ಹುಟ್ಟಿದರು. ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಅವರು ತೇರ್ಗಡೆಯಾಗಲಿಲ್ಲ. ಹೊಟ್ಟೆಪಾಡಿಗಾಗಿ ಕೋಲಾರದ ಚಿನ್ನದ ಗಣಿಗಳ ಊರಿನಲ್ಲಿ ಸೋಡಾ ಕಾರ್ಖಾನೆಯೊಂದರಲ್ಲಿ ದುಡಿದರು. ಬೆಂಗಳೂರಿಗೆ ಬಂದ ಮೇಲೆ ಜಟಕಾ ಗಾಡಿಗಳಿಗೆ ಬಣ್ಣ ಬಳಿಯುವ ಕಾರ್ಖಾನೆಯಲ್ಲಿಯೂ ಕೆಲಸ ಮಾಡಿದರು. ಅಲ್ಲಿಂದ ಪತ್ರಿಕೆಗಳ ಕಚೇರಿಗೆ ಕಾಲಿಟ್ಟು, 1913ರಲ್ಲಿ 'ಕರ್ನಾಟಕ' ಎಂಬ ಇಂಗ್ಲಿಷ್ ಪತ್ರಿಕೆಯನ್ನು ತಾವೇ ಆರಂಭಿಸಿದರು. ಮುಂದೆ ಮೈಸೂರಿನ ಶಾಸನಸಭೆಯ ಸದಸ್ಯರಾದರು. 1932ರಲ್ಲಿ ಮಡಿಕೇರಿಯಲ್ಲಿ ನಡೆದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವನ್ನು ಅಲಂಕರಿಸಿದರು. ಮೆಟ್ರಿಕ್ಯುಲೇಷನ್ ದಾಟದ ಇವರಿಗೆ ಮೈಸೂರು ವಿಶ್ವವಿದ್ಯಾನಿಲಯವು 1961ರಲ್ಲಿ ಡಿ.ಲಿಟ್. ಪದವಿಯನ್ನಿತ್ತು ಗೌರವಿಸಿತು.

ಈ ಸಂಗತಿಯನ್ನು ನಮ್ಮ ವಾಚಕರು ಗಮನಿಸಬೇಕೆಂದು ನಾವು ವಿಶೇಷವಾಗಿ ಬಯಸುತ್ತೇವೆ. ಮುಂಬಯಿಯ ಕನ್ನಡಿಗರಲ್ಲಿ ಹಗಲೆಲ್ಲ ಮೇಜು ಒರೆಸಿ, ಲೋಟ ತೊಳೆದು, ರಾತ್ರಿಶಾಲೆಯ ಬೆಂಚಿನ ಮೇಲೆ ತೂಕಡಿಸುತ್ತ ಅಕ್ಷರ ಕಲಿತವರ ಸಂಖ್ಯೆ ಸಣ್ಣದಲ್ಲ. ಪರೀಕ್ಷೆಯಲ್ಲಿ ಸೋತು ಊರಿಗೆ ಮುಖ ತೋರಿಸಲಾರದೆ ರೈಲು ಹತ್ತಿದ ಹುಡುಗರು ಇಂದಿಗೂ ಇದ್ದಾರೆ. ಸೋಡಾ ಕಾರ್ಖಾನೆಯ ಕೆಲಸವಾಗಲಿ ಬಣ್ಣ ಬಳಿಯುವ ಕೆಲಸವಾಗಲಿ ಗುಂಡಪ್ಪನವರ ಓದಿಗೆ ಅಡ್ಡಿಯಾಗಲಿಲ್ಲ. ಪರೀಕ್ಷೆ ಅವರನ್ನು ಕೈಬಿಟ್ಟಿತೇ ಹೊರತು ಅವರು ಪುಸ್ತಕವನ್ನು ಕೈಬಿಡಲಿಲ್ಲ.

ಇನ್ನು ಮೊದಲನೆಯ ಪ್ರಶ್ನೆ. ಅವರಿಗೆ ಸ್ಫೂರ್ತಿಯನ್ನಿತ್ತವರು ಯಾರು? ರಾಜಕೀಯದಲ್ಲಿ ಅವರ ಆದರ್ಶಪುರುಷರು ಗೋಪಾಲಕೃಷ್ಣ ಗೋಖಲೆಯವರು. ಗೋಖಲೆಯವರು 1905ರಲ್ಲಿ ಪುಣೆಯಲ್ಲಿ ಭಾರತ ಸೇವಕ ಸಮಾಜವನ್ನು ಸ್ಥಾಪಿಸಿದರು. ಸಾರ್ವಜನಿಕ ಜೀವನದಲ್ಲಿ ಧಾರ್ಮಿಕ ನಿಷ್ಠೆಯಂಥ ಶುದ್ಧಿಯಿರಬೇಕೆಂಬುದು ಅವರ ಸಂದೇಶವಾಗಿತ್ತು. ಗುಂಡಪ್ಪನವರು ಗೋಖಲೆಯವರ ಚರಿತ್ರೆಯನ್ನು ಕನ್ನಡದಲ್ಲಿ ಬರೆದರು. 1945ರಲ್ಲಿ ಅವರ ಹೆಸರಿನಲ್ಲಿಯೇ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಕಟ್ಟಿದರು. ಗೋಖಲೆಯವರು ಮರಾಠಿಗರು, ಪುಣೆಯವರು. ಕೋಲಾರ ಸೀಮೆಯ ಕನ್ನಡಿಗರೊಬ್ಬರು ಅವರನ್ನು ಗುರುಸ್ಥಾನದಲ್ಲಿಟ್ಟುಕೊಂಡರು. ಪರಪ್ರಾಂತದಲ್ಲಿ ಅನ್ನ ಉಣ್ಣುತ್ತಿರುವ ನಮಗೆ ಇದರಲ್ಲಿ ಒಂದು ಪಾಠವಿದೆ. ಒಳ್ಳೆಯದನ್ನು ಕಲಿಯುವುದಕ್ಕೆ ಭಾಷೆಯ ಗಡಿಯಿಲ್ಲ. ಕಲಿತದ್ದನ್ನು ತನ್ನ ಭಾಷೆಗೆ ತಂದುಕೊಡುವ ಹೊಣೆ ಮಾತ್ರ ಕಲಿತವನದು. ಷೇಕ್ಸ್‌ಪಿಯರನ 'ಮ್ಯಾಕ್‌ಬೆತ್' ನಾಟಕವನ್ನೂ ಉಮರ್ ಖಯ್ಯಾಮನ ಪದ್ಯಗಳನ್ನೂ ಗುಂಡಪ್ಪನವರು ಕನ್ನಡಕ್ಕೆ ತಂದದ್ದು ಇದೇ ಹೊಣೆಯರಿತು.

ಎರಡನೆಯದು ಅಭಿರುಚಿಯ ಪ್ರಶ್ನೆ. ವೇದಾಂತವನ್ನು ಬರೆದವರೆಂದರೆ ಮುಖ ಬಿಗಿದುಕೊಂಡು ಕುಳಿತಿರುವ ಮನುಷ್ಯರೆಂದು ಅನೇಕರು ಭಾವಿಸುತ್ತಾರೆ. ಗುಂಡಪ್ಪನವರು ಅಂಥವರಲ್ಲ. ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಯರ ವಿಗ್ರಹಗಳನ್ನು ಕಂಡು ಮನಸೋತು 'ಅಂತಃಪುರ ಗೀತೆ' ಎಂಬ ಹಾಡುಗಳ ಸಂಪುಟವನ್ನೇ ರಚಿಸಿದರು. ಸಂಗೀತವೆಂದರೆ ಅವರಿಗೆ ಪ್ರಾಣ. 'ಜ್ಞಾಪಕ ಚಿತ್ರಶಾಲೆ' ಎಂಬ ಅವರ ನೆನಪಿನ ಸಂಪುಟಗಳಲ್ಲಿ ದಿವಾನರಿಗೆ ಸಂದ ಸ್ಥಾನ ಸಂಗೀತಗಾರರಿಗೂ ಸಂದಿದೆ. ಪದವಿ, ಪ್ರಸಿದ್ಧಿ ಯಾವುದೂ ಇಲ್ಲದ ಸಜ್ಜನರಿಗೂ ಸಂದಿದೆ. ಒಡನಾಡಿದವರು ಅವರನ್ನು ನೆನೆಯುವಾಗ ಒಳ್ಳೆಯ ತಿಂಡಿ, ಹಾಸ್ಯ, ಹರಟೆಗಳ ಮಾತು ಬಾರದಿರುವುದು ಅಪರೂಪ. ರುಚಿಯರಿತವನು ಸುಖವನ್ನು ತೊರೆಯಬೇಕಾಗಿಲ್ಲ. ಅದಕ್ಕೆ ದಾಸನಾಗದಿದ್ದರೆ ಸಾಕು ಎಂಬುದೇ ಅವರ ಬಾಳಿನ ರೀತಿ. ನಾಲಿಗೆಯ ರುಚಿಯಿಂದಲೇ ಜೀವನ ಸಾಗಿಸುವ ಹೋಟೆಲಿನವರಾದ ನಮಗೆ ಇದು ಹಿತವಾದ ವೇದಾಂತವೆಂದರೆ ತಪ್ಪಾಗದು.

ಮೂರನೆಯದು ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆ. ಹೇಳಿದಂತೆ ಅವರು ನಡೆದರೆ? ಪತ್ರಕರ್ತನು ಸರ್ಕಾರದ ಹಣಕ್ಕೆ ಕೈಯೊಡ್ಡಿದರೆ ಅವನ ಲೇಖನಿಯ ಸ್ವಾತಂತ್ರ್ಯ ಹೋಯಿತೆಂಬುದು ಅವರ ನಿಲುವಾಗಿತ್ತು. ಸರ್ ಎಂ. ವಿಶ್ವೇಶ್ವರಯ್ಯನವರ ದಿವಾನಗಿರಿಯ ಕಾಲದಲ್ಲಿ ಬಂದ ಸಂಭಾವನೆಯ ಚೆಕ್ಕುಗಳನ್ನು ಅವರು ನಗದು ಮಾಡಿಸಿಕೊಳ್ಳದೆ ಹಾಗೆಯೇ ಇಟ್ಟಿದ್ದರೆಂದು ಬಲ್ಲವರು ಬರೆದಿದ್ದಾರೆ. 1970ರಲ್ಲಿ ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದಲ್ಲಿ ಅವರನ್ನು ಸನ್ಮಾನಿಸಿ 90 ಸಾವಿರ ರೂಪಾಯಿಗಳ ನಿಧಿಯನ್ನು ಅರ್ಪಿಸಲಾಯಿತು. ಆ ಮೊತ್ತವನ್ನು ಅವರು ಇಡಿಯಾಗಿ ಗೋಖಲೆ ಸಂಸ್ಥೆಗೆ ಕೊಟ್ಟುಬಿಟ್ಟರು.

ಆದರೆ ಇಂಥ ನಿಷ್ಠೆಗೆ ಬೆಲೆ ತೆತ್ತವರು ಅವರೊಬ್ಬರೇ ಅಲ್ಲವೆಂಬುದನ್ನು ಇಲ್ಲಿ ಹೇಳದೆ ಬಿಡುವುದು ನ್ಯಾಯವಾಗದು. ಬಂಧುಗಳ ಮನೆಯ ಶುಭಕಾರ್ಯಕ್ಕೆ ಉಟ್ಟು ಹೋಗಲು ಹರಕಿಲ್ಲದ ಸೀರೆಯೊಂದಿಲ್ಲವೆಂದು ಅವರ ಪತ್ನಿ ಭಾಗೀರಥಮ್ಮನವರು ಮನೆಯಲ್ಲಿಯೇ ಉಳಿದರೆಂದೂ, ನಾಲ್ಕು ಜನರೆದುರಿಗೆ ಗಂಡನ ಮರ್ಯಾದೆಗೆ ಕುಂದಾಗಬಾರದೆಂಬುದೇ ಆಕೆಯ ಚಿಂತೆಯಾಗಿತ್ತೆಂದೂ ಹೇಳುತ್ತಾರೆ. ಆಕೆ ಬಹುಕಾಲ ಬಾಳಲಿಲ್ಲ. ಗುಂಡಪ್ಪನವರು ಮತ್ತೆ ಮದುವೆಯಾಗಲಿಲ್ಲ. ಗಂಡನ ಆದರ್ಶದ ಲೆಕ್ಕದಲ್ಲಿ ಹೆಂಡತಿಯ ಸೀರೆಯೂ ಸೇರಿರುತ್ತದೆ. ಊರಿನಲ್ಲಿ ಹೆಂಡತಿ ಮಕ್ಕಳನ್ನು ಬಿಟ್ಟುಬಂದು ಇಲ್ಲಿ ದುಡಿಯುತ್ತಿರುವ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಂಥ ಬಾಳಿನಿಂದ ಬಂದ ಪುಸ್ತಕ 'ಮಂಕುತಿಮ್ಮನ ಕಗ್ಗ'. ಇದು 1943ರಲ್ಲಿ ಪ್ರಕಟವಾಯಿತು. ಇದರಲ್ಲಿ ನಾಲ್ಕು ಸಾಲುಗಳ 945 ಪದ್ಯಗಳಿವೆ. ಅವರ ನಿಧನಾನಂತರ ಬೆಳಕು ಕಂಡ ಇನ್ನೊಂದು ಸಂಪುಟದ ಹೆಸರು 'ಮರುಳ ಮುನಿಯನ ಕಗ್ಗ'. ಹೆಸರುಗಳನ್ನು ನೋಡಿರಿ. ಮಂಕು ಎಂದರೆ ಮಬ್ಬು ಬುದ್ಧಿ, ಮರುಳನೆಂದರೆ ತಿಳಿಗೇಡಿ, ಕಗ್ಗವೆಂದರೆ ಹುರುಳಿಲ್ಲದ ಮಾತು. ಬುದ್ಧಿ ಹೇಳುವವರು ಸಾಮಾನ್ಯವಾಗಿ ಕೇಳುವವನನ್ನು ದಡ್ಡನೆಂದೂ ತಮ್ಮನ್ನು ಜ್ಞಾನಿಯೆಂದೂ ಎಣಿಸುತ್ತಾರೆ. ಗುಂಡಪ್ಪನವರು ದಡ್ಡನ ಹೆಸರನ್ನು ತಾವೇ ಇಟ್ಟುಕೊಂಡರು. ಗ್ರಂಥಗಳಿಂದಲೂ ಅನುಭವದಿಂದಲೂ ಆರಿಸಿದ್ದನ್ನು ತನ್ನ ಮನಸ್ಸಿಗೆ ತಾನೇ ಹೇಳಿಕೊಳ್ಳುವುದಕ್ಕಾಗಿ ಹೊಸೆದದ್ದು ಈ ಕಗ್ಗ ಎಂಬ ಅರ್ಥದ ಮಾತು ಗ್ರಂಥದಲ್ಲಿಯೇ ಬರುತ್ತದೆ. ಆ ಮನುಷ್ಯನು ತನ್ನೊಡನೆ ತಾನು ಮಾತಾಡಿಕೊಳ್ಳುತ್ತಿದ್ದಾನೆ. ಪಕ್ಕದಲ್ಲಿ ಕುಳಿತ ನಾವು ಅದನ್ನು ಕೇಳಿಸಿಕೊಳ್ಳುತ್ತಿದ್ದೇವೆ. ಕಗ್ಗವು ಪಂಡಿತರ ಕಪಾಟಿನಲ್ಲಿ ಉಳಿಯದೆ ಜನಸಾಮಾನ್ಯರ ಬಾಯಿಗೆ ಬಂದುದಕ್ಕೆ ಇದೇ ಮುಖ್ಯ ಕಾರಣವೆಂದು ನಮ್ಮ ಅಭಿಪ್ರಾಯ.

ಈ ಗುಟ್ಟನ್ನು ಮರೆತರೆ ಕಗ್ಗವು ಅಪಾಯಕಾರಿಯೂ ಆದೀತು. ಬಂದುದನ್ನು ಸಮಚಿತ್ತದಿಂದ ಸ್ವೀಕರಿಸು, ಇದ್ದುದರಲ್ಲಿ ಸಂತೋಷ ಕಾಣು ಎಂಬ ಉಪದೇಶ ಅದರಲ್ಲಿ ಮತ್ತೆ ಮತ್ತೆ ಬರುತ್ತದೆ. ಇದನ್ನು ಗಲ್ಲಾದ ಮೇಲೆ ಕುಳಿತ ಧಣಿಯು ಸಂಬಳ ಹೆಚ್ಚು ಮಾಡಿರೆಂದು ಕೇಳಿದ ಮಾಣಿಗೆ ಹೇಳಿದರೆ ಅದು ವೇದಾಂತವಾಗುವುದಿಲ್ಲ, ಜಿಪುಣತನಕ್ಕೆ ಹೊದಿಸಿದ ಶಾಲು ಆಗುತ್ತದೆ. ಅದೇ ಗಲ್ಲಾದ ಮೇಲೆ ಕುಳಿತು ಬಂದವರಾದ್ದರಿಂದ ನಾವು ಇದನ್ನು ಧೈರ್ಯವಾಗಿ ಹೇಳುತ್ತೇವೆ. ತೃಪ್ತಿಯು ಒಬ್ಬನು ತನಗೆ ತಾನು ಹೇಳಿಕೊಳ್ಳಬೇಕಾದ ಮಾತು. ಇನ್ನೊಬ್ಬನ ಹಸಿವಿನ ಮುಂದೆ ಹೇಳತಕ್ಕ ಮಾತಲ್ಲ. ಗುಂಡಪ್ಪನವರು ತೃಪ್ತಿಯನ್ನು ತಮ್ಮ ಮನೆಗೆ ಹೇಳಿಕೊಂಡರು. ಸಾರ್ವಜನಿಕ ವಿಷಯಗಳಲ್ಲಿ ಮಾತ್ರ ಸುಮ್ಮನೆ ಕೂಡದೆ ವಾದಿಸಿದರು, ಬರೆದರು, ಆಳುವವರನ್ನು ಪ್ರಶ್ನಿಸಿದರು. ಪ್ರಜೆಯು ತನ್ನ ಹಕ್ಕು ಬಾಧ್ಯತೆಗಳನ್ನು ತಿಳಿದಿರಬೇಕೆಂದು 'ರಾಜ್ಯಶಾಸ್ತ್ರ'ವನ್ನು ಕನ್ನಡದಲ್ಲಿ ಬರೆದವರು ಇದೇ ಮಂಕುತಿಮ್ಮನ ಕವಿಗಳು. ಭಗವದ್ಗೀತೆಯನ್ನು ಕುರಿತು ಅವರು ಬರೆದ 'ಜೀವನಧರ್ಮಯೋಗ'ಕ್ಕೆ 1967ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಗೀತೆಯನ್ನು ಸಂನ್ಯಾಸಿಯ ಗ್ರಂಥವೆನ್ನದೆ ಸಂಸಾರದಲ್ಲಿರುವವನ ಕೈಪಿಡಿಯೆಂದು ಅವರು ಬಗೆದರೆಂಬುದಕ್ಕೆ ಆ ಹೆಸರೇ ಸಾಕ್ಷಿ.

1974ರಲ್ಲಿ ಭಾರತ ಸರ್ಕಾರವು ಅವರಿಗೆ ಪದ್ಮಭೂಷಣವನ್ನಿತ್ತಿತು. 1975ರ ಅಕ್ಟೋಬರ್ 7ರಂದು ಅವರು ಕಾಲವಾದರು. ಬಸವನಗುಡಿಯ ಭಾಗದಲ್ಲಿ ಅವರು ಕಟ್ಟಿದ ಗೋಖಲೆ ಸಂಸ್ಥೆ ಇಂದಿಗೂ ಇದೆ. ರಜೆಯಲ್ಲಿ ಊರಿಗೆ ಹೋಗುವಾಗ ಬೆಂಗಳೂರಿನಲ್ಲಿ ಇಳಿಯುವ ವಾಚಕರು ಒಂದು ಗಳಿಗೆ ಅಲ್ಲಿಗೆ ಹೋಗಿಬಂದರೆ ಸಮಯ ವ್ಯರ್ಥವಾಗದು.

ಮಧ್ಯಾಹ್ನದ ಊಟದ ಗದ್ದಲ ಮುಗಿದು ಸಂಜೆಯ ಕಾಫಿಯ ಗಿರಾಕಿಗಳು ಬರುವ ಮುನ್ನ ನಮ್ಮ ಹೋಟೆಲುಗಳಲ್ಲಿ ಒಂದು ಗಂಟೆಯ ಬಿಡುವಿರುತ್ತದೆ. ಕಚೇರಿಯ ಗುಮಾಸ್ತರಿಗೆ ರೈಲಿನ ಪ್ರಯಾಣದ ಬಿಡುವುಂಟು. ಆ ಹೊತ್ತಿನಲ್ಲಿ ಕಗ್ಗದ ಒಂದೇ ಒಂದು ಪದ್ಯವನ್ನು ಓದಿದರೆ ಸಾಕು. ಅರ್ಥವಾಗದ ಪದವಿದ್ದರೆ ಪಕ್ಕದವರನ್ನು ಕೇಳಬಹುದು. ಕೇಳುವುದರಲ್ಲಿ ಸಂಕೋಚ ಬೇಡ, ಪುಸ್ತಕದ ಹೆಸರೇ ಮಂಕುತಿಮ್ಮನದು. ಓದಿದ ಪದ್ಯವನ್ನು ಮಾತ್ರ ಕೂಡಲೇ ಮತ್ತೊಬ್ಬರಿಗೆ ಬೋಧಿಸಲು ಹೊರಡದಿರೋಣ. ಮೊದಲು ಅದನ್ನು ನಮಗೆ ನಾವೇ ಹೇಳಿಕೊಳ್ಳೋಣ.