ರಕ್ತದೊಳಗಿನ ತೂಬು

ಲಕ್ಕವಳ್ಳಿಯ ಭದ್ರಾ ಜಲಾಶಯ ಎಷ್ಟೇ ತುಂಬಿರಲಿ, ಕಾಲುವೆಗೆ ಹರಿಯುವುದು ತೂಬು ಬಿಟ್ಟಷ್ಟೇ ನೀರು. ನಮ್ಮ ರಕ್ತದಲ್ಲಿಯೂ ಇಂಥದೊಂದು ಏರ್ಪಾಡುಂಟು.

ಯಕೃತ್ತಿನಲ್ಲಿ ಹುಟ್ಟುವ ಐ.ಜಿ.ಎಫ್.-1 ಎಂಬ ವೃದ್ಧಿಕಾರಕವು ಜೀವಕೋಶದ ಹೊರಪೊರೆಯಲ್ಲಿರುವ ಗ್ರಾಹಕವನ್ನು ಕೂಡಿತೆಂದರೆ, ಕೋಶವು ತನ್ನ ಡಿ.ಎನ್.ಎ.ಯ ಪ್ರತಿಯನ್ನು ನಿರ್ಮಿಸಿ ಇಬ್ಭಾಗವಾಗಲು ಅಣಿಯಾಗುತ್ತದೆ. ಆದರೆ ರಕ್ತದಲ್ಲಿ ಬಿಡಿಯಾಗಿರುವ ಐ.ಜಿ.ಎಫ್. ಸುಮಾರು ಶೇಕಡಾ 1 ಮಾತ್ರ. ಉಳಿದುದನ್ನು 6 ಬಗೆಯ ಬಂಧಕ ಪ್ರೋಟೀನುಗಳು ಹಿಡಿದಿಟ್ಟಿರುತ್ತವೆ. ಆ ಹಿಡಿತದಲ್ಲಿರುವಾಗ ಅದು ಗ್ರಾಹಕವನ್ನು ಸೇರಲಾರದು. ಬಿಡಿಯಾದುದು ನಿಮಿಷಗಳಲ್ಲಿ ಕರಗಿಹೋದರೆ, ಬಂಧಿತವಾದುದು ಗಂಟೆಗಟ್ಟಲೆ ಉಳಿಯುತ್ತದೆ. ಅಂಗಾಂಶದಲ್ಲಿ ಕಿಣ್ವವೊಂದು ಬಂಧಕವನ್ನು ಕತ್ತರಿಸಿದಾಗ ತೂಬು ತೆರೆಯಿತೆನ್ನಬಹುದು.

ಭೌತಶಾಸ್ತ್ರದವರಾದ ನಮಗೆ ಪ್ರಿಯವಾದ ಈ ಹೋಲಿಕೆ ಇಲ್ಲಿಂದ ಮುಂದೆ ಸಾಗದು. ಮಿದುಳಿನ ಗ್ಲಯೋಮಾ ಎಂಬ ಗಂತಿಯಲ್ಲಿ 2ನೆಯ ಬಂಧಕವು ತಡೆಯುವ ಬದಲು ತಾನೇ ಕೋಶಗಳ ವೃದ್ಧಿಗೆ ಕುಮ್ಮಕ್ಕು ಕೊಡುವುದನ್ನು ಸಂಶೋಧಕರು ಕಂಡಿದ್ದಾರೆ. ಅದು ಅಧಿಕವಾಗಿದ್ದ ರೋಗಿಗಳು ಬದುಕಿದ ಕಾಲ ಕಡಿಮೆ.