ಮೊಳದ ಮೇಲೆ ನಾಲ್ಕು ಬೆರಳು

ಬೆಳಗಿನ ಆರು ಗಂಟೆಗೆ ಗಾಂಧಿ ಬಜಾರಿನಲ್ಲಿ ಮೊದಲು ಕಣ್ಣು ಬಿಡುವುದು ಹೂವಿನ ಸಾಲು. ಕೆ.ಆರ್. ಮಾರುಕಟ್ಟೆಯಿಂದ ಆಟೋದಲ್ಲಿ ಬಂದಿಳಿದ ಗೋಣಿಚೀಲಗಳ ಬಾಯಿ ಬಿಚ್ಚಿದ್ದೇ ತಡ, ಮಲ್ಲಿಗೆ, ಮರುಗ, ಸೇವಂತಿಗೆ ಎಲ್ಲದರ ವಾಸನೆಯೂ ಒಂದರೊಳಗೊಂದು ಬೆರೆತು ರಸ್ತೆಗೆ ಹರಡುತ್ತದೆ. ನಾನು ಹೂವು ಕೊಳ್ಳುವ ಅಮ್ಮ ಆ ಹೊತ್ತಿಗಾಗಲೇ ಒದ್ದೆ ಬಟ್ಟೆ ಹಾಸಿ, ಕಟ್ಟಿದ ಮಾಲೆಗಳನ್ನು ಸುರುಳಿ ಸುತ್ತಿಟ್ಟು, ಮೇಲೆ ಒಂದಿಷ್ಟು ನೀರು ಚಿಮುಕಿಸಿ ಕೂತಿರುತ್ತಾರೆ. ಮೊದಲೆಲ್ಲ ಬೋಣಿಯ ದುಡ್ಡು ಕೈಗೆ ಬಿದ್ದೊಡನೆ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಈಗ ಬಹಳಷ್ಟು ದಿನ ಬೋಣಿ ಕೈಗೆ ಬರುವುದೇ ಇಲ್ಲ. ಪಕ್ಕದಲ್ಲಿಟ್ಟ ಪುಟ್ಟ ಡಬ್ಬಿ, ಇಷ್ಟು ರೂಪಾಯಿ ಬಂತೆಂದು ಕೂಗಿ ಹೇಳುತ್ತದೆ. ಅಮ್ಮ ಆ ಡಬ್ಬಿಯನ್ನೇ ಮುಟ್ಟಿ, ಆ ಬೆರಳನ್ನು ಕಣ್ಣಿಗೊತ್ತಿಕೊಳ್ಳುತ್ತಾರೆ.

ಅವರು ಅಳೆಯುವುದನ್ನು ನೋಡಬೇಕು. ಮಾಲೆಯ ತುದಿಯನ್ನು ನಡುಬೆರಳಿಗೆ ಹಿಡಿದು ಮೊಣಕೈವರೆಗೆ ಎಳೆದರೆ ಒಂದು ಮೊಳ. ಮತ್ತೊಮ್ಮೆ ಎಳೆದರೆ ಎರಡು. ಅಲ್ಲಿಗೆ ಕತ್ತರಿಸಬೇಕು. ಆದರೆ ಕೈ ಅಲ್ಲಿ ನಿಲ್ಲುವುದಿಲ್ಲ. ನಾಲ್ಕು ಬೆರಳಷ್ಟು ಮುಂದಕ್ಕೆ ಜಾರಿ, ಅಲ್ಲಿ ದಾರ ತುಂಡಾಗುತ್ತದೆ. "ಇರ್ಲಿ ತಗೊಳ್ಳಿ, ದೇವ್ರಿಗೆ ಇಡ್ತೀರ" ಎನ್ನುತ್ತಾ ಬಾಳೆಲೆಯ ಚೂರಿನಲ್ಲಿ ಸುತ್ತಿ ಕೊಡುತ್ತಾರೆ. ಕೊಳ್ಳುವವರು ನೋಡುತ್ತಿದ್ದಾರೋ ಇಲ್ಲವೋ ಎಂದು ಅವರು ನೋಡುವುದಿಲ್ಲ. ಆದರೂ ಎಲ್ಲರೂ ನೋಡಿರುತ್ತಾರೆ.

ನಮ್ಮ ಮಾತಿನಲ್ಲಿ ಇದಕ್ಕೆ ಕೊಸರು ಎಂದು ಹೆಸರು. ಮೊಳಕ್ಕೆ 24 ಅಂಗುಲವೆಂಬ ಹಳೆಯ ಲೆಕ್ಕ ಹಿಡಿದರೆ, ಎರಡು ಮೊಳದ ಮೇಲೆ ನಾಲ್ಕು ಬೆರಳೆಂದರೆ ಹನ್ನೆರಡರಲ್ಲಿ ಒಂದು ಪಾಲು. ಅಷ್ಟೇ ಆ ಅಮ್ಮನ ಪ್ರಚಾರದ ಖರ್ಚು. ಬೋರ್ಡಿಲ್ಲ, ಬಾಡಿಗೆ ಮಳಿಗೆಯಿಲ್ಲ, ಅಂಗಡಿಗೊಂದು ಹೆಸರೂ ಇಲ್ಲ. ಅಕ್ಕಪಕ್ಕ ಅದೇ ಹೂವು, ಅದೇ ದರ, ಅದೇ ಮಾರುಕಟ್ಟೆಯ ಸರಕು. ಆದರೂ ಬಸ್ಸಿಳಿದ ಹೆಂಗಸರು ಮೂರು ಗುಡ್ಡೆ ದಾಟಿ ಇವರ ಮುಂದೆಯೇ ಬಂದು ನಿಲ್ಲುತ್ತಾರೆ.

ತರಕಾರಿಯವರದೂ ಇದೇ ದಾರಿ. ಬೀನ್ಸು, ಬದನೆಕಾಯಿ ತೂಗಿ ಚೀಲಕ್ಕೆ ಸುರಿದ ಮೇಲೆ ಎರಡು ಎಸಳು ಕರಿಬೇವು, ನಾಲ್ಕು ಕಡ್ಡಿ ಕೊತ್ತಂಬರಿ ಕೇಳದೆಯೇ ಬೀಳಬೇಕು. ಸೊಪ್ಪು ದುಬಾರಿಯಾದ ಮಳೆಗಾಲದಲ್ಲಿ ಕೊತ್ತಂಬರಿ ಹೋಗಿ ಒಂದು ಹಸಿಮೆಣಸಿನಕಾಯಿ ಬಿದ್ದೀತು, ಆದರೆ ಏನೋ ಒಂದು ಬಿದ್ದೇ ಬೀಳುತ್ತದೆ. ಬೆಲೆಯಲ್ಲಿ ಹತ್ತು ರೂಪಾಯಿ ಇಳಿಸುವುದಕ್ಕಿಂತ ಇದು ಎಷ್ಟೋ ಮೇಲು ಎಂದು ನನಗೆ ಅನ್ನಿಸುತ್ತದೆ. ಇಳಿಸಿದ ಬೆಲೆ ನಾಳೆಗೆ ಅದೇ ಬೆಲೆಯಾಗಿಬಿಡುತ್ತದೆ. ನಾಡಿದ್ದು ಗಿರಾಕಿ ಇನ್ನೂ ಹತ್ತು ಇಳಿಯಲಿ ಎಂದು ಕಾಯುತ್ತಾರೆ. ಕೊಸರು ಕೊಟ್ಟರೆ ಬೆಲೆ ಇದ್ದಲ್ಲಿಯೇ ಇರುತ್ತದೆ, ಮನಸ್ಸು ಮಾತ್ರ ತುಂಬುತ್ತದೆ. ಅದೂ ತೂಕ ಸರಿಯಿದ್ದರೆ. ತಕ್ಕಡಿಯಲ್ಲಿ ಕದ್ದು ಕೈಯಲ್ಲಿ ಕೊಟ್ಟರೆ ಮೂರೇ ದಿನಕ್ಕೆ ಬೀದಿಯೆಲ್ಲ ಗೊತ್ತಾಗುತ್ತದೆ.

ಬಿಸಿಲೇರುತ್ತಿದ್ದಂತೆ ಹಣ್ಣಿನ ಗಾಡಿಗಳು ತುಂಬಿಕೊಳ್ಳುತ್ತವೆ. ಸೀಬೆಹಣ್ಣಿನವನು ಎಲ್ಲ ಹಣ್ಣನ್ನೂ ಗೋಪುರದ ಹಾಗೆ ಜೋಡಿಸಿ, ತುದಿಯಲ್ಲಿ ಒಂದೇ ಒಂದನ್ನು ಎರಡು ಹೋಳು ಮಾಡಿ ಇಟ್ಟಿದ್ದಾನೆ. ಒಳಗಿನ ಕೆಂಪು ರಸ್ತೆಯ ಆಚೆ ಬದಿಗೂ ಕಾಣುತ್ತದೆ. ಗಂಟೆಗೊಮ್ಮೆ ಆ ಹೋಳುಗಳನ್ನು ತೆಗೆದು ಹೊಸದೊಂದನ್ನು ಕೊಯ್ಯುತ್ತಾನೆ, ಏಕೆಂದರೆ ಒಣಗಿದ ಹೋಳು ಗಾಡಿಯ ಅಷ್ಟೂ ಹಣ್ಣಿನ ಮರ್ಯಾದೆ ತೆಗೆಯುತ್ತದೆ. ಪಕ್ಕದ ಸ್ಲೇಟಿನ ಮೇಲೆ ಸೀಮೆಸುಣ್ಣದಲ್ಲಿ ಬೆಲೆ ಬರೆದಿದೆ. ಬೆಲೆ ಕೇಳಲು ಸಂಕೋಚಪಟ್ಟು ಮುಂದೆ ಹೋಗುವವರು ಎಷ್ಟೋ ಜನ. ಆ ಒಂದು ಸ್ಲೇಟು ಅವರನ್ನೆಲ್ಲ ನಿಲ್ಲಿಸುತ್ತದೆ.

ಕಾಫಿಪುಡಿ ಅಂಗಡಿಯ ಮುಂದೆ ನಿಲ್ಲುವುದಕ್ಕೆ ಕಾರಣವೇ ಬೇಡ. ಬೀಜ ಹುರಿದ ಘಮಲಿಗೆ ಕಾಲು ತಾನಾಗಿ ನಿಧಾನವಾಗುತ್ತದೆ. ಬೀಸುವ ಯಂತ್ರ ಗರಗರ ಎನ್ನುತ್ತದೆ, ಬಿಸಿ ಪುಡಿ ಕಾಗದದ ಚೀಲಕ್ಕೆ ಇಳಿಯುತ್ತದೆ. ಇಲ್ಲಿ ನನ್ನನ್ನು ಕಟ್ಟಿಹಾಕಿದ್ದು ಮಾತ್ರ ಬೇರೆಯೇ ಒಂದು ಸಂಗತಿ. ಊರು ಬಿಟ್ಟು ಹೋಗಿ ಎಂಟು ತಿಂಗಳ ಮೇಲೆ ಒಂದು ದಿನ ಒಳಗೆ ಕಾಲಿಟ್ಟರೆ, ಗಲ್ಲಾದ ಮೇಲಿದ್ದವರು ತಲೆಯೆತ್ತಿ, "ನಿಮ್ದು 70:30 ಅಲ್ವಾ ಸಾರ್? ಕಾಲು ಕೆಜಿ?" ಎಂದರು. ಎಷ್ಟು ಪಾಲು ಕಾಫಿ, ಎಷ್ಟು ಪಾಲು ಚಿಕೋರಿ ಎಂಬುದು ಒಂದೊಂದು ಮನೆಯದೂ ಒಂದೊಂದು ಗುಟ್ಟು. ನನ್ನ ಮನೆಯ ಗುಟ್ಟನ್ನು ಎಂಟು ತಿಂಗಳು ಜೋಪಾನವಾಗಿ ಇಟ್ಟುಕೊಂಡವರನ್ನು ಬಿಟ್ಟು ನಾನು ಬೇರೆ ಅಂಗಡಿಗೆ ಹೇಗೆ ಹೋಗಲಿ?

ಈ ಬಜಾರು ನೆನಪಿನ ಮೇಲೆಯೇ ನಿಂತಿದೆ. ಶ್ರೀನಿವಾಸ ಕಾಂಡಿಮೆಂಟ್ಸ್ ಎಲ್ಲಿ ಎಂದು ಕೇಳಿದರೆ ಎಷ್ಟೋ ಜನ ತಡವರಿಸುತ್ತಾರೆ. ಸುಬ್ಬಮ್ಮನ ಅಂಗಡಿ ಎಂದರೆ ಮಕ್ಕಳೂ ಕೈ ತೋರಿಸುತ್ತಾರೆ. 1948ರಿಂದ ಇರುವ ಅಂಗಡಿ ಅದು. ಹಪ್ಪಳ, ಹುರಿಗಾಳು, ಕೋಡುಬಳೆಯ ರುಚಿ ಜನರ ನಾಲಗೆ ಹಿಡಿಯಿತು, ನಾಲಗೆ ಆ ಹೆಂಗಸಿನ ಹೆಸರನ್ನು ಹಿಡಿಯಿತು. ಅಲ್ಲಿಂದ ಹೆಚ್ಚು ದೂರವಿಲ್ಲದ ವಿದ್ಯಾರ್ಥಿ ಭವನ 1943ರದು. ಶನಿವಾರ, ಭಾನುವಾರ ಬೆಳಗ್ಗೆ ಅದರ ಮುಂದೆ ಫುಟ್‌ಪಾತಿನ ಮೇಲೆ ಕಾದು ನಿಂತ ಜನರೇ ಅದಕ್ಕೆ ದೊಡ್ಡ ಬೋರ್ಡು. ಒಳಗೆ ಪಂಚೆಯುಟ್ಟ ಮಾಣಿಯೊಬ್ಬರು ಒಂದೇ ತೋಳಿನ ಮೇಲೆ ದೋಸೆ ತಟ್ಟೆಗಳನ್ನು ಅಂತಸ್ತು ಅಂತಸ್ತಾಗಿ ಪೇರಿಸಿಕೊಂಡು ಮೇಜುಗಳ ನಡುವೆ ಹಾಯ್ದು ಬರುವಾಗ ಹೊಸಬರ ಕೈ ಫೋನಿಗೆ ಹೋಗುತ್ತದೆ. ಆ ಚಿತ್ರ ಹೊರಟು ಯಾವ ಯಾವ ದೇಶ ಮುಟ್ಟುತ್ತದೋ. ಲಾಲ್‌ಬಾಗಿನ ಪಕ್ಕದ ಎಂ.ಟಿ.ಆರ್. ಒಂದು ಕಾಲಕ್ಕೆ ಇನ್ನೂ ದಿಟ್ಟ ಕೆಲಸ ಮಾಡಿತ್ತು: ಊಟಕ್ಕೆ ಬಂದವರು ಅಡುಗೆಮನೆಯನ್ನು ಹಾದುಕೊಂಡೇ ಒಳಗೆ ಬರಬೇಕು. ಪಾತ್ರೆ ಎಷ್ಟು ಬೆಳಗಿದೆ, ನೆಲ ಎಷ್ಟು ಒರೆಸಿದೆ ಎಂದು ಕಣ್ಣಾರೆ ಕಂಡವರು ಮನೆಗೆ ಹೋಗಿ ಹೇಳದೆ ಇರುತ್ತಾರೆಯೇ? ಬಾಗಿಲು ತೆರೆಯಲು ಖರ್ಚೇನೂ ಇಲ್ಲ. ತೆರೆದಿಡುವಷ್ಟು ಚೊಕ್ಕಟವಾಗಿ ಇರುವುದೇ ಕಷ್ಟ.

ಇದನ್ನೆಲ್ಲ ನಾನು ಇಷ್ಟು ಹತ್ತಿರದಿಂದ ನೋಡತೊಡಗಿದ್ದು ನನ್ನ ಅತ್ತಿಗೆಯ ದೆಸೆಯಿಂದ. ಅಣ್ಣನ ಕೆಲಸ ಹೋದ ವರ್ಷ ಅತ್ತಿಗೆ ಹನುಮಂತನಗರದ ಮನೆಯಲ್ಲಿ ಚಟ್ನಿಪುಡಿ, ಸಾರಿನಪುಡಿ ಮಾಡಿ ಮಾರಲು ಹೊರಟರು. ಪುಡಿಯ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ. ಕೊಳ್ಳುವವರನ್ನು ಎಲ್ಲಿಂದ ತರುವುದು? ನಾವೆಲ್ಲ ಸೇರಿ ಕೈಯಲ್ಲಿದ್ದ ದುಡ್ಡಿಗೆ 2,000 ಕರಪತ್ರ ಅಚ್ಚು ಹಾಕಿಸಿ, ಪೇಪರ್ ಹಾಕುವ ಹುಡುಗರಿಗೆ ಕೊಟ್ಟು ಮಡಿಕೆಯೊಳಗೆ ಸೇರಿಸಿದೆವು. ಒಂದು ದಿನ ಕಳೆಯಿತು, ಎರಡು ದಿನ ಕಳೆಯಿತು, ಫೋನು ಬಾಯಿಬಿಡಲಿಲ್ಲ. ಮೂರನೆಯ ದಿನ ಅಣ್ಣ ಉಳಿದ ಕರಪತ್ರವೊಂದನ್ನು ಬೆಳಕಿಗೆ ಹಿಡಿದು ನೋಡಿದ. ಫೋನ್ ನಂಬರಿನಲ್ಲಿ ಒಂದು ಅಂಕಿ ತಪ್ಪಾಗಿತ್ತು. ಬರೆದು ಕೊಟ್ಟ ಚೀಟಿಯಲ್ಲಿ ಸರಿಯಿದ್ದದ್ದು ಅಚ್ಚಿನಲ್ಲಿ ಕೆಟ್ಟಿತ್ತು. ಅಚ್ಚು ಹಾಕಿದವರು ಒಪ್ಪಲಿಲ್ಲ. ಮಳೆ ಬಂದು ನಿಂತ ಸಂಜೆ ಅತ್ತಿಗೆಯ ಜೊತೆ ನಡೆದು ಹೋಗುತ್ತಿದ್ದಾಗ ಅದೇ ಹಳದಿ ಕಾಗದ ಚರಂಡಿಯ ಬಾಯಲ್ಲಿ ಮೆತ್ತಿಕೊಂಡಿದ್ದು ಕಂಡಿತು. ಅವರು ಏನೂ ಅನ್ನಲಿಲ್ಲ. ಬಗ್ಗಿ ಅದನ್ನು ಎತ್ತಿ, ನೀರು ಹಿಂಡಿ, ಕಸದ ಬುಟ್ಟಿಯವರೆಗೆ ಕೈಯಲ್ಲೇ ಹಿಡಿದು ನಡೆದರು.

ಕರೆಂಟ್ ಕಂಬಗಳಿಗೆ ಚೀಟಿ ಅಂಟಿಸೋಣ ಎಂದವನು ನಾನೇ. ಅತ್ತಿಗೆ ಬೇಡವೆಂದರು. ಅವರೇ ಸರಿ. ಸಾರ್ವಜನಿಕ ಸ್ಥಳಗಳ ಅಂದಗೆಡಿಸುವುದನ್ನು ತಡೆಯಲು ನಮ್ಮಲ್ಲಿ 1981ರಿಂದಲೂ ಕಾಯ್ದೆ ಇದೆ. ಕಾಯ್ದೆ ಇರದಿದ್ದರೂ, ಮರಕ್ಕೆ ಮೊಳೆ ಹೊಡೆದು ನೇತುಹಾಕಿದ ಬೋರ್ಡು ನೋಡಿದರೆ ನನಗೆ ಆ ಅಂಗಡಿಗೆ ಹೋಗುವ ಮನಸ್ಸೇ ಬರುವುದಿಲ್ಲ.

ದಾರಿ ಸಿಕ್ಕಿದ್ದು ಸಂಕ್ರಾಂತಿಗೆ. ಎಳ್ಳು ಬೀರಲು ಹೊರಟ ಅತ್ತಿಗೆ ತಟ್ಟೆಯಲ್ಲಿ ಎಳ್ಳು-ಬೆಲ್ಲ, ಸಕ್ಕರೆ ಅಚ್ಚು, ಕಬ್ಬಿನ ತುಂಡಿನ ಜೊತೆಗೆ 50 ಗ್ರಾಂ ಚಟ್ನಿಪುಡಿಯ ಸಣ್ಣ ಪೊಟ್ಟಣವನ್ನೂ ಇಟ್ಟುಕೊಂಡರು. ಮೇಲೆ ಅಂಟಿಸಿದ ಬಿಳಿ ಚೀಟಿಯಲ್ಲಿ ಅವರದೇ ದುಂಡು ಅಕ್ಷರ: ಏನು ಪುಡಿ, ಯಾವತ್ತು ಮಾಡಿದ್ದು, ಬೆಳ್ಳುಳ್ಳಿ ಹಾಕಿದೆಯೋ ಇಲ್ಲವೋ, ಕೆಳಗೆ ಫೋನ್ ನಂಬರು. ಅದನ್ನು ಮೂರು ಸಲ ಓದಿ ನೋಡಿದ್ದರು. ಇಪ್ಪತ್ತಮೂರು ಮನೆಗೆ ಹೋದರು. ಹಬ್ಬದ ತಟ್ಟೆಯಲ್ಲಿ ಬಂದದ್ದನ್ನು ಯಾರೂ ಮೂಲೆಗೆ ಎಸೆಯುವುದಿಲ್ಲ. ವಾರದೊಳಗೆ ಒಂಬತ್ತು ಮನೆಯಿಂದ ಫೋನು ಬಂತು. ಮೊದಲನೆಯದು ಎದುರು ಮನೆಯ ಅಜ್ಜಿಯದು: "ಏನಮ್ಮಾ, ಇದನ್ನ ಇಷ್ಟು ದಿನ ಯಾಕೆ ಬಚ್ಚಿಟ್ಕೊಂಡಿದ್ದೆ?"

ಅಲ್ಲಿಂದಾಚೆ ಅತ್ತಿಗೆಯ ಪ್ರಚಾರವೆಲ್ಲ ಒಂದು ಉದ್ದನೆಯ ನೋಟ್‌ಬುಕ್ಕು. ಯಾರ ಮನೆಗೆ ಖಾರ ಕಡಿಮೆ, ಯಾರು ಬೆಳ್ಳುಳ್ಳಿ ಮುಟ್ಟುವುದಿಲ್ಲ, ಯಾರ ಮಗಳು ಅಮೆರಿಕಕ್ಕೆ ಯಾವಾಗ ಹೊರಡುತ್ತಾಳೆ, ಎಲ್ಲವೂ ಅದರಲ್ಲಿದೆ. ಗುರುವಾರ ಪುಡಿ ಕುಟ್ಟುವ ದಿನ. ಅವತ್ತು ಮಧ್ಯಾಹ್ನ ಕಿಟಕಿಯ ಬೆಳಕಿನಲ್ಲಿ ಮೊರದ ಮೇಲೆ ಹುರಿದ ಬೇಳೆ, ಬ್ಯಾಡಗಿ ಮೆಣಸಿನಕಾಯಿ ಹರಡಿ ಒಂದು ಫೋಟೋ ತೆಗೆದು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕುತ್ತಾರೆ. ವಾರಕ್ಕೆ ಒಂದೇ. ದಿನಾ ಬೆಳಗ್ಗೆ ಸುಪ್ರಭಾತದ ಚಿತ್ರ ಕಳಿಸಿ ಜನರ ತಲೆ ತಿನ್ನಬಾರದೆಂಬುದು ಅವರ ಹಟ. ಎಲ್ಲರನ್ನೂ ಒಂದೇ ಗುಂಪಿಗೆ ತುಂಬುವುದನ್ನೂ ಅವರು ಒಪ್ಪಲಿಲ್ಲ. ಒಬ್ಬರ ನಂಬರನ್ನು ಇನ್ನೊಬ್ಬರಿಗೆ ಕಾಣಿಸಲು ನಮಗೇನು ಹಕ್ಕು ಎಂದರು. ಆಹಾರ ಸುರಕ್ಷತೆಯವರ ನೋಂದಣಿ ಮಾಡಿಸಿದಾಗ ವರ್ಷಕ್ಕೆ 100 ರೂಪಾಯಿ ಶುಲ್ಕ. ಆ 14 ಅಂಕಿಯ ನಂಬರು ಚೀಟಿಯ ಮೇಲೆ ಕೂತ ಮೇಲೆ ಪರಿಚಯವಿಲ್ಲದವರೂ ಧೈರ್ಯವಾಗಿ ಕೊಂಡರು. ಗೂಗಲ್ ನಕಾಶೆಯಲ್ಲಿ ಮನೆಯನ್ನು ಅಂಗಡಿಯೆಂದು ಸೇರಿಸಿದ್ದು ಪಕ್ಕದ ಮನೆಯ ಪಿಯುಸಿ ಹುಡುಗ, ಅದಕ್ಕೆ ಕಾಸೂ ಖರ್ಚಿಲ್ಲ. ಮೊದಲ ತಿಂಗಳೇ ಯಾರೋ ಅಲ್ಲಿ ಉಪ್ಪು ಜಾಸ್ತಿ ಎಂದು ಬರೆದರು. ಅತ್ತಿಗೆ ತಾವೇ ರುಚಿ ನೋಡಿ, ಹೌದು ಆ ಕಂತಿನಲ್ಲಿ ಉಪ್ಪು ಹೆಚ್ಚಾಗಿದೆ ಎಂದು ಅಲ್ಲಿಯೇ ಉತ್ತರ ಬರೆಸಿ, ಅದೇ ಸಂಜೆ ಹೊಸ ಪೊಟ್ಟಣ ಕಳಿಸಿದರು. ಆ ಮನೆಯವರು ಇಂದಿಗೂ ತಿಂಗಳಿಗೆ ಅರ್ಧ ಕೆಜಿ ಕೊಳ್ಳುತ್ತಾರೆ.

ಇದರಿಂದ ಮನೆ ನಡೆಯುತ್ತದೆಯೇ ಎಂದರೆ, ಅರ್ಧ ನಡೆಯುತ್ತದೆ. ಹತ್ತು ನಿಮಿಷದಲ್ಲಿ ಬಾಗಿಲಿಗೆ ತಂದು ಕೊಡುವ ದೊಡ್ಡವರ ಎದುರು ಸಣ್ಣವರ ನಗುಮುಖ ಎಲ್ಲ ಕಡೆಯೂ ಗೆಲ್ಲುವುದಿಲ್ಲ. ಗಾಂಧಿ ಬಜಾರಿನಲ್ಲೇ ಹಳೆಯ ಬಾಗಿಲುಗಳು ಮುಚ್ಚಿದ್ದನ್ನು ನಾನು ನೋಡಿದ್ದೇನೆ, ಒಂದೊಂದಕ್ಕೂ ಹೊಟ್ಟೆ ಉರಿದಿದೆ. ಆದ್ದರಿಂದಲೇ ದುಡ್ಡಿಲ್ಲದವರ ಕೈಯಲ್ಲಿರುವ ಈ ಉಪಾಯಗಳು ನನಗೆ ಇಷ್ಟು ದೊಡ್ಡವಾಗಿ ಕಾಣುವುದು.

ಕಾರ್ತಿಕದ ಕೊನೆಯ ಸೋಮವಾರ ದೊಡ್ಡ ಬಸವಣ್ಣನ ಗುಡಿ ರಸ್ತೆಗೆ ಬನ್ನಿ. ಕಡಲೆಕಾಯಿ ಪರಿಷೆ. ರಸ್ತೆಯ ಎರಡು ಬದಿಗೂ ಹಸಿ, ಹುರಿದ, ಬೇಯಿಸಿದ ಕಡಲೆಕಾಯಿ ಗುಡ್ಡೆ ಗುಡ್ಡೆಯಾಗಿ ಬಿದ್ದಿರುತ್ತದೆ. ಅಷ್ಟು ಜನ ಒಂದೇ ಸರಕು ಮಾರುವಾಗ ಯಾರಾದರೂ ನಿಮ್ಮನ್ನೇ ಯಾಕೆ ಆರಿಸಬೇಕು? ಒಬ್ಬಾತ ಕೂಗುವುದೇ ಇಲ್ಲ. ಹಾದು ಹೋಗುವವರ ಅಂಗೈಗೆ ನಾಲ್ಕು ಕಾಯಿ ಇಡುತ್ತಾನೆ: "ತಿಂದ್ ನೋಡಿ ಸಾರ್. ದುಡ್ ಆಮೇಲೆ." ಸಿಪ್ಪೆ ಟಪ್ ಎಂದು ಒಡೆಯುತ್ತದೆ, ಬಾಯಿಗೆ ಬೀಜ ಹೋಗುತ್ತದೆ, ಕಾಲು ಹೊರಡುವುದಿಲ್ಲ. ಸೇರಿನಲ್ಲಿ ತಲೆ ಕಟ್ಟುವಷ್ಟು ತುಂಬಿ ಚೀಲಕ್ಕೆ ಸುರಿದ ಮೇಲೆ ಅವನ ಎಡಗೈ ಗುಡ್ಡೆಗೆ ಹೋಗಿ ಇನ್ನೊಂದು ಹಿಡಿ ಎತ್ತಿಕೊಳ್ಳುತ್ತದೆ. ಬಲಗೈ ಆಗಲೇ ಮುಂದಿನವರ ಕಡೆ ಚಾಚಿರುತ್ತದೆ.

ಮೊನ್ನೆ ಶನಿವಾರ ಸಂಜೆ ಹೂವಿನ ಅಮ್ಮನ ಎದುರು ನಿಂತಿದ್ದೆ. ನ್ಯಾಷನಲ್ ಕಾಲೇಜ್ ಮೆಟ್ರೋ ನಿಲ್ದಾಣದ ಕಡೆಯಿಂದ ವಯಸ್ಸಾದ ಹೆಂಗಸೊಬ್ಬರು ಮೊಮ್ಮಗಳ ಭುಜ ಹಿಡಿದುಕೊಂಡು ಬಂದರು.

"ಎಲ್ಲಿ ಹೋಗ್ಬಿಟ್ರಿ ಅಮ್ಮಾ? ದಸರಾಕ್ಕೂ ಕಾಣ್ಲಿಲ್ಲ."

"ಮಗನ ಮನೆಗೆ ಹೋಗ್ಬಿಟ್ಟೆ ಕಣಮ್ಮ, ವೈಟ್‌ಫೀಲ್ಡಿಗೆ. ಅಲ್ಲಿ ಫೋನಲ್ಲೇ ತರಿಸ್ತಾರೆ, ಪ್ಲಾಸ್ಟಿಕ್ ಡಬ್ಬೀಲಿ."

ಅಮ್ಮ ಕಾಕಡದ ಸುರುಳಿ ಬಿಚ್ಚಿದರು. ನಡುಬೆರಳಿಂದ ಮೊಣಕೈಗೆ, ಒಂದು. ಮತ್ತೊಮ್ಮೆ, ಎರಡು. ಮೊಮ್ಮಗಳು ಕಣ್ಣರಳಿಸಿ ಆ ತೋಳನ್ನೇ ನೋಡುತ್ತಿದ್ದಳು. ಕತ್ತರಿ ಮೊಣಕೈ ದಾಟಿ ಹೋದದ್ದನ್ನು ಕಂಡು, "ಅಜ್ಜಿ, ಅವರು ತಪ್ಪಾಗಿ ಅಳೆದ್ರು, ಜಾಸ್ತಿ ಬಂತು" ಎಂದಳು.

ಇಬ್ಬರು ಮುದುಕಿಯರೂ ಒಟ್ಟಿಗೆ ನಕ್ಕರು. ಹೂವಿನ ಅಮ್ಮ ಕತ್ತರಿ ಕೆಳಗಿಟ್ಟು, ಪಕ್ಕದ ಬುಟ್ಟಿಯಿಂದ ಒಂದು ಎಸಳು ದವನ ಮುರಿದು ಹುಡುಗಿಯ ಕೈಗೆ ಕೊಟ್ಟರು.