ಚರ್ಚ್ ಯುವ ಸಂಘದ ಲೀಡರ್ ಅಂದ್ರೆ ಹಾಡು, ಪ್ರಾರ್ಥನೆ ಅಷ್ಟೇನಾ? ಪೋಷಕರು, ಅಂಗಡಿಯವರು ತಿಳಿದಿರಬೇಕಾದ ವಿಷಯಗಳು ಇಲ್ಲಿವೆ

ಮೈಸೂರು: ಡಿಸೆಂಬರ್ ಬಂತು ಅಂದ್ರೆ ಚಾಮುಂಡಿ ಬೆಟ್ಟದ ತಪ್ಪಲಿನಿಂದ ಹಿಡಿದು ಅಶೋಕ ರಸ್ತೆವರೆಗೂ ಕ್ರಿಸ್‌ಮಸ್ ಹಾಡಿನ ಗುಂಪುಗಳ ಓಡಾಟ ಶುರು. ಗಿಟಾರ್ ಹಿಡಿದ ಒಬ್ಬ, ಕೆಂಪು ಟೋಪಿಯ ಸಾಂತಾ ಒಬ್ಬ, ಜೊತೆಗೆ ಹತ್ತಿಪ್ಪತ್ತು ಹುಡುಗ ಹುಡುಗಿಯರು. ಕೆಲವು ಕಡೆ ಅಂಗಡಿ ಮುಂದೆಯೂ ನಿಂತು ಹಾಡ್ತಾರೆ, ಡಬ್ಬಿ ಮುಂದಿಡ್ತಾರೆ. ಅಂಗಡಿಯವರು ಇಪ್ಪತ್ತೋ ಐವತ್ತೋ ಹಾಕಿ ಕಳಿಸ್ತಾರೆ.

ಆದರೆ ಈ ಗುಂಪನ್ನು ನಡೆಸೋರು ಯಾರು? ಹೇಳೋರು ಕೇಳೋರು ಇದ್ದಾರಾ? ದುಡ್ಡು ಎಲ್ಲಿಗೆ ಹೋಗುತ್ತೆ? ರಾತ್ರಿ ಒಂಬತ್ತರವರೆಗೆ ಹೊರಗಿರೋ ಹದಿನೈದು ವರ್ಷದ ಮಗುವಿಗೆ ಯಾರು ಜವಾಬ್ದಾರಿ? ಇದು ಹೊರಗಿನವರಿಗೆ ಗೊತ್ತಿರಲ್ಲ. ಎಷ್ಟೋ ಸಲ ಸಂಘ ನಡೆಸೋ ಇಪ್ಪತ್ತೆರಡು ವರ್ಷದ ಲೀಡರ್‌ಗೂ ಪೂರ್ತಿ ಗೊತ್ತಿರಲ್ಲ. ಅದರ ವಿವರ ಇಲ್ಲಿದೆ.

ಮೈಸೂರಿಗೂ ಇದಕ್ಕೂ ನಂಟು

ಬೆಟ್ಟದ ಮೇಲಿನ ವ್ಯೂ ಪಾಯಿಂಟ್‌ನಲ್ಲಿ ನಿಂತು ನೋಡಿದರೆ ಅರಮನೆ ಜೊತೆಗೆ ಎದ್ದು ಕಾಣೋದು ಸೇಂಟ್ ಫಿಲೋಮಿನಾ ಚರ್ಚಿನ ಎರಡು ಗೋಪುರಗಳು. ಒಂದೊಂದೂ ಸುಮಾರು 175 ಅಡಿ ಎತ್ತರ. ಚಾಮುಂಡೇಶ್ವರಿಯನ್ನು ಕುಲದೇವತೆಯಾಗಿ ಪೂಜಿಸುವ ರಾಜಮನೆತನದ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರೇ 1933ರಲ್ಲಿ ಈ ಚರ್ಚಿಗೆ ಅಡಿಗಲ್ಲು ಹಾಕಿದರು. ಅದೇ ಜಾಗದಲ್ಲಿ 1843ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ್ ಕಾಲದಲ್ಲೇ ಒಂದು ಚರ್ಚ್ ಇತ್ತು.

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಫಿಲೋಮಿನಾ ಅಂದ್ರೆ ವಯಸ್ಸಾದ ಸಂತಳಲ್ಲ. 1802ರಲ್ಲಿ ರೋಮಿನ ಒಂದು ನೆಲಮಾಳಿಗೆ ಸಮಾಧಿಯಲ್ಲಿ ಸಿಕ್ಕ ಅವಶೇಷಗಳು ಹದಿಮೂರರ ಆಸುಪಾಸಿನ ಒಬ್ಬ ಹುಡುಗಿಯದ್ದು ಅಂತ ನಂಬಿಕೆ. ಅಂದರೆ ನಗರದ ಅತಿ ದೊಡ್ಡ ಚರ್ಚಿಗಿರೋದು ಒಬ್ಬ ಬಾಲಕಿಯ ಹೆಸರು.

ಕ್ಯಾಥೊಲಿಕ್ ಸಭೆಯ ಮೈಸೂರು ಧರ್ಮಕ್ಷೇತ್ರಕ್ಕೆ ಮೈಸೂರು, ಮಂಡ್ಯ, ಚಾಮರಾಜನಗರ, ಕೊಡಗು ಜಿಲ್ಲೆಗಳು ಸೇರುತ್ತವೆ. ಇನ್ನು ವೆಸ್ಲಿಯನ್ ಮಿಷನ್ ಕಾಲದಿಂದ ಬಂದ ಚರ್ಚುಗಳು 1947ರ ಸೆಪ್ಟೆಂಬರ್ 27ರಂದು ಹುಟ್ಟಿದ ಸಿಎಸ್‌ಐ ಸಭೆಗೆ ಸೇರಿದವು. ಎರಡೂ ಕಡೆ ಯುವಜನರ ಸಂಘ ಅನ್ನೋದು ಹಳೇ ಪದ್ಧತಿ.

ಶುರುವಾಗಿದ್ದು ಬಟ್ಟೆ ಅಂಗಡಿಯಲ್ಲಿ

ಇಂಥ ಸಂಘಗಳ ಬೇರು ಹುಡುಕಿದರೆ ಸಿಗೋದು ಲಂಡನ್ನಿನ ಒಂದು ಬಟ್ಟೆ ಅಂಗಡಿ. ಅಲ್ಲಿ ಕೆಲಸಕ್ಕಿದ್ದ ಜಾರ್ಜ್ ವಿಲಿಯಮ್ಸ್ ಎಂಬ 22ರ ಯುವಕ 1844ರಲ್ಲಿ ತನ್ನಂಥ ಕೆಲವು ಕೆಲಸಗಾರರನ್ನು ಸೇರಿಸಿ ವೈಎಂಸಿಎ ಶುರು ಮಾಡಿದ. ಆಗ ಅಂಗಡಿ ಹುಡುಗರಿಗೆ ದಿನಕ್ಕೆ ಹನ್ನೆರಡು ಗಂಟೆ ಮೀರಿದ ದುಡಿತ. ಮಲಗೋದು ಅಂಗಡಿ ಮೇಲಿನ ಕೋಣೆಯಲ್ಲೇ. ಕೆಲಸ ಮುಗಿದ ಮೇಲೆ ಹೋಗೋಕೆ ಒಳ್ಳೇ ಜಾಗ ಇರಲಿಲ್ಲ. ಒಟ್ಟಿಗೆ ಪ್ರಾರ್ಥನೆ ಮಾಡೋಣ, ಓದೋಣ ಅಂತ ಶುರುವಾಗಿದ್ದು ಮುಂದೆ ಆಟದ ಕಡೆಗೂ ಹೋಯಿತು. ಬ್ಯಾಸ್ಕೆಟ್‌ಬಾಲ್ ಹುಟ್ಟಿದ್ದು 1891ರಲ್ಲಿ, ಅಮೆರಿಕದ ವೈಎಂಸಿಎ ತರಬೇತಿ ಶಾಲೆಯಲ್ಲಿ. ವಾಲಿಬಾಲ್ ಕೂಡ 1895ರಲ್ಲಿ ವೈಎಂಸಿಎಯಲ್ಲೇ ಹುಟ್ಟಿದ ಆಟ.

1881ರಲ್ಲಿ ಅಮೆರಿಕದ ಫ್ರಾನ್ಸಿಸ್ ಕ್ಲಾರ್ಕ್ ಎಂಬ ಪಾದ್ರಿ ‘ಕ್ರಿಶ್ಚಿಯನ್ ಎಂಡೆವರ್’ ಎಂಬ ಸಂಘ ಕಟ್ಟಿದರು. ಸಭೆ ನಡೆಸೋದು, ಲೆಕ್ಕ ಬರೆಯೋದು, ಪ್ರಾರ್ಥನೆ ಹೇಳೋದು ಎಲ್ಲವನ್ನೂ ಯುವಕರೇ ಮಾಡಬೇಕು ಅನ್ನೋದು ಅಲ್ಲಿನ ನಿಯಮ. 1920ರ ದಶಕದಲ್ಲಿ ಬೆಲ್ಜಿಯಂನ ಫಾದರ್ ಜೋಸೆಫ್ ಕಾರ್ಡೈನ್ ಕಾರ್ಖಾನೆ ಹುಡುಗರ ನಡುವೆ ಒಂದು ವಿಧಾನ ತಂದರು: ಸುತ್ತ ಏನಾಗ್ತಿದೆ ನೋಡು, ಸರಿಯೋ ತಪ್ಪೋ ವಿಚಾರ ಮಾಡು, ಆಮೇಲೆ ಏನಾದ್ರೂ ಮಾಡು. ಕ್ಯಾಥೊಲಿಕ್ ಯುವ ಸಂಘಗಳಲ್ಲಿ ಇವತ್ತಿಗೂ ಈ ಮೂರು ಹೆಜ್ಜೆ ಕಲಿಸ್ತಾರೆ.

1985ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ವಿಶ್ವ ಯುವ ದಿನ ಘೋಷಿಸಿದರು. 2023ರಲ್ಲಿ ಅದು ಪೋರ್ಚುಗಲ್‌ನ ಲಿಸ್ಬನ್‌ನಲ್ಲಿ ನಡೆಯಿತು, 2027ರದ್ದು ದಕ್ಷಿಣ ಕೊರಿಯಾದ ಸೋಲ್‌ಗೆ ನಿಗದಿಯಾಗಿದೆ. ಅಲ್ಲಿ ಸೇರೋದು ಲಕ್ಷಾಂತರ ಜನ. ಆದರೆ ನಿಜವಾದ ಕೆಲಸ ನಡೆಯೋದು ಭಾನುವಾರ ಪೂಜೆ ಮುಗಿದ ಮೇಲೆ ಚರ್ಚ್ ಹಿಂದಿನ ಹಾಲ್‌ನಲ್ಲಿ, ಇಪ್ಪತ್ತು ಪ್ಲಾಸ್ಟಿಕ್ ಕುರ್ಚಿ ಹಾಕ್ಕೊಂಡು.

ಲೀಡರ್ ಆಗೋದು ಹೇಗೆ?

ಕ್ಯಾಥೊಲಿಕ್ ಧರ್ಮಕೇಂದ್ರಗಳಲ್ಲಿ ಯುವ ಸಂಘಕ್ಕೆ ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಇರ್ತಾರೆ. ಮೇಲೆ ಫಾದರ್ ಇರ್ತಾರೆ, ಜೊತೆಗೆ ಹಿರಿಯರೊಬ್ಬರು ಅನಿಮೇಟರ್. ಸಿಎಸ್‌ಐನಲ್ಲಿ ಸಭಾಪಾಲಕರು ಮತ್ತು ಚರ್ಚ್ ಕಮಿಟಿ ಕೈಕೆಳಗೆ ಸಂಘ ನಡೆಯುತ್ತೆ. ಹಗಲು ಕಾಲೇಜಿಗೋ ಫ್ಯಾಕ್ಟರಿಗೋ ಮೊಬೈಲ್ ಅಂಗಡಿಗೋ ಹೋಗೋ ಹುಡುಗ ಹುಡುಗಿಯರೇ ಸಾಮಾನ್ಯವಾಗಿ ಲೀಡರ್‌ಗಳು. ಸಂಬಳ ಇಲ್ಲ.

ವಾರದ ಸಭೆ, ಹಾಡಿನ ಪ್ರಾಕ್ಟೀಸ್, ಬೈಬಲ್ ಓದು, ಹಬ್ಬಕ್ಕೆ ಗೋದಲಿ ಕಟ್ಟೋದು, ತಪಸ್ಸು ಕಾಲದಲ್ಲಿ ಶಿಲುಬೆ ಹಾದಿ, ರಕ್ತದಾನ ಶಿಬಿರ, ಕ್ರಿಕೆಟ್ ಟೂರ್ನಿ: ಹೊರಗೆ ಕಾಣೋ ಕೆಲಸ ಇವು. ಕಾಣದ ಕೆಲಸವೇ ಜಾಸ್ತಿ. ಪಿಯುಸಿ ಫೇಲಾಗಿ ಮನೆ ಬಿಟ್ಟು ಹೊರಗೆ ಬರದ ಹುಡುಗನನ್ನು ಹೋಗಿ ಮಾತಾಡಿಸೋದು. ಕುಡಿಯೋಕೆ ಶುರು ಮಾಡಿದವನ ಜೊತೆ ಜಗಳ ಆಡದೆ ಕೂರೋದು. ಮೂರು ವಾರದಿಂದ ಬರದವಳ ಮನೆಗೆ ಫೋನ್ ಮಾಡೋದು. ಪ್ರವಚನ ಕೊಡೋಕೆ ಫಾದರ್ ಇದ್ದಾರೆ, ಸಭಾಪಾಲಕರಿದ್ದಾರೆ. ಲೀಡರ್ ಕೆಲಸ ಜೊತೆಗಿರೋದು. ವ್ಯಾಟಿಕನ್‌ನಲ್ಲಿ 2018ರಲ್ಲಿ ಯುವಜನರ ಬಗ್ಗೆಯೇ ಧರ್ಮಾಧ್ಯಕ್ಷರ ಮಹಾಸಭೆ ನಡೆದಾಗಲೂ ಯುವಜನರ ಮಾತು ಕೇಳಬೇಕು, ಅವರ ಜೊತೆ ನಡೆಯಬೇಕು ಅನ್ನೋದೇ ಮುಖ್ಯ ವಿಷಯವಾಗಿತ್ತು.

ಮಕ್ಕಳ ಸುರಕ್ಷತೆ: ಇಲ್ಲಿ ರಾಜಿ ಇಲ್ಲ

ಸಂಘದಲ್ಲಿ 15ರವರೂ ಇರ್ತಾರೆ, 28ರವರೂ ಇರ್ತಾರೆ. ಹಾಡುವಾಗ ಎಲ್ಲರೂ ಒಂದೇ ಗುಂಪು. ಆದರೆ ಕಾನೂನಿನ ಕಣ್ಣಲ್ಲಿ 18 ತುಂಬದವರೆಲ್ಲ ಮಕ್ಕಳು.

2012ರ ಪೋಕ್ಸೋ ಕಾಯ್ದೆ ಪ್ರಕಾರ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ಫಾದರ್‌ಗೆ ಹೇಳಿದೆ, ಕಮಿಟಿಗೆ ಹೇಳಿದೆ ಅಂದ್ರೆ ಸಾಲದು. ತಿಳಿಸದೆ ಮುಚ್ಚಿಟ್ಟರೆ ಆರು ತಿಂಗಳವರೆಗೆ ಜೈಲು, ದಂಡ ಅಥವಾ ಎರಡೂ ಆಗಬಹುದು. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ತಪ್ಪನ್ನು ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲು ಮತ್ತು ದಂಡ. ಒಳ್ಳೇ ಉದ್ದೇಶದಿಂದ ಮಾಹಿತಿ ಕೊಟ್ಟವರ ಮೇಲೆ ಕೇಸ್ ಹಾಕೋಕೆ ಬರಲ್ಲ. ಮಗುವಿನ ಹೆಸರು, ಫೋಟೋ, ಮನೆ, ಶಾಲೆ ಯಾವುದನ್ನೂ ಹೊರಗೆ ಬಿಡುವಂತಿಲ್ಲ. ಸಂಘದ ವಾಟ್ಸಾಪ್ ಗ್ರೂಪ್‌ನಲ್ಲಿ ‘ಪ್ರಾರ್ಥನೆ ಮಾಡಿ’ ಅಂತ ಹೆಸರು ಹಾಕೋದೂ ತಪ್ಪು.

ಇನ್ನೊಂದು ಮಾತು ಲೀಡರ್‌ಗಳೇ ಕೇಳಿಸ್ಕೋಬೇಕು. 18 ತುಂಬದ ಹುಡುಗಿಯ ಅಥವಾ ಹುಡುಗನ ‘ಒಪ್ಪಿಗೆ’ ಇತ್ತು ಅನ್ನೋ ಮಾತು ಪೋಕ್ಸೋ ಮುಂದೆ ನಿಲ್ಲಲ್ಲ. 23ರ ಲೀಡರ್, 17ರ ಸದಸ್ಯೆ ನಡುವಿನ ‘ಲವ್’ ಇಬ್ಬರ ಮನೆಯನ್ನೂ ಹಾಳು ಮಾಡಬಹುದು.

ಹಾಗಾಗಿ ಸರಿಯಾಗಿ ನಡೆಯೋ ಸಂಘದಲ್ಲಿ ಕೆಲವು ಕಟ್ಟುಪಾಡು ಇರಬೇಕು. ಮಗುವಿನ ಜೊತೆ ದೊಡ್ಡವರೊಬ್ಬರೇ ಬಾಗಿಲು ಮುಚ್ಚಿದ ಕೋಣೆಯಲ್ಲಿ ಕೂರಬಾರದು. ಎಲ್ಲಿಗೇ ಹೋದರೂ ಇಬ್ಬರು ದೊಡ್ಡವರು ಜೊತೆಗಿರಬೇಕು, ಹುಡುಗಿಯರಿದ್ದರೆ ಒಬ್ಬ ಮಹಿಳೆ ಇರಲೇಬೇಕು. ರಾತ್ರಿ ಹೊತ್ತು ಮಕ್ಕಳಿಗೆ ಪರ್ಸನಲ್ ಮೆಸೇಜ್ ಬೇಡ. ಹೊರಗೆ ಕರೆದೊಯ್ಯೋ ಮುಂಚೆ ಪೋಷಕರ ಸಹಿ ಇರೋ ಒಪ್ಪಿಗೆ ಪತ್ರ ಬೇಕು.

ಬೆಟ್ಟಕ್ಕೆ ಬೈಕ್ ರೈಡ್, ಬೀದಿಯಲ್ಲಿ ಮೈಕ್

ಬೆಳಗಿನ ಜಾವ ಬೆಟ್ಟಕ್ಕೆ ಬೈಕಲ್ಲಿ ಹೋಗೋದು ಮೈಸೂರು ಹುಡುಗರಿಗೆ ಹೊಸದೇನಲ್ಲ. ಸಂಘದ ಹೆಸರಲ್ಲಿ ಹೋದರೆ ಮಾತು ಬೇರೆ. 18 ತುಂಬದವರ ಕೈಗೆ ಬೈಕ್ ಕೊಟ್ಟು ಕೇಸಾದರೆ ಪೋಷಕರಿಗೆ ಅಥವಾ ಗಾಡಿ ಮಾಲೀಕರಿಗೆ 25 ಸಾವಿರ ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು ಶಿಕ್ಷೆಗೆ 2019ರ ಮೋಟಾರು ವಾಹನ ತಿದ್ದುಪಡಿಯಲ್ಲಿ ಅವಕಾಶ ಇದೆ. ಗಾಡಿಯ ನೋಂದಣಿ ಒಂದು ವರ್ಷ ರದ್ದಾಗುತ್ತೆ. ಆ ಹುಡುಗನಿಗೆ 25 ವರ್ಷ ಆಗೋವರೆಗೂ ಲೈಸೆನ್ಸ್ ಸಿಗಲ್ಲ. ಬಸ್ಸಲ್ಲಿ ಹೋಗಬಹುದು, ಇಲ್ಲಾಂದ್ರೆ ಸಾವಿರದ ಎಂಟು ಮೆಟ್ಟಿಲು ಇದ್ದೇ ಇದೆ. ಆಷಾಢ ಶುಕ್ರವಾರ, ದಸರಾ ದಿನಗಳಲ್ಲಿ ಬೆಟ್ಟದಲ್ಲಿ ಭಕ್ತರ ಜಾತ್ರೆ. ಆ ದಿನಗಳು ಬಿಟ್ಟು ಪ್ಲಾನ್ ಮಾಡೋದು ಎಲ್ಲರಿಗೂ ಒಳ್ಳೆಯದು.

ಮೈಕ್ ವಿಷಯಕ್ಕೆ ಬಂದರೆ 2000ದ ಶಬ್ದ ಮಾಲಿನ್ಯ ನಿಯಮ ಎಲ್ಲ ಧರ್ಮಕ್ಕೂ ಒಂದೇ. ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಹೊರಗೆ ಹಾಕುವಂತಿಲ್ಲ. ಕೆಲವು ಹಬ್ಬಗಳಿಗೆ ಸರ್ಕಾರ ಮಧ್ಯರಾತ್ರಿವರೆಗೆ ವಿನಾಯಿತಿ ಕೊಡಬಹುದು. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ಆಸ್ಪತ್ರೆ, ಶಾಲೆ, ಕೋರ್ಟ್ ಸುತ್ತ 100 ಮೀಟರ್ ನಿಶ್ಶಬ್ದ ವಲಯ. ಕ್ಯಾರಲ್ಸ್‌ಗೆ ಮೈಕ್ ಇಲ್ಲದೆ ಬರೀ ಗಿಟಾರ್ ಸಾಕು ಅನ್ನೋ ಸಂಘಗಳಿಗೆ ಈ ತಲೆನೋವೇ ಇಲ್ಲ.

ದುಡ್ಡು ಯಾರ ಕ್ಯೂಆರ್ ಕೋಡ್‌ಗೆ ಹೋಗ್ತಿದೆ?

ಸಂಘಗಳು ಒಡೆಯೋದು ಹೆಚ್ಚಾಗಿ ಭಕ್ತಿ ವಿಷಯಕ್ಕಲ್ಲ, ಲೆಕ್ಕದ ವಿಷಯಕ್ಕೆ. ಮೊದಲು ಡಬ್ಬಿ ಇತ್ತು, ಈಗ ಫೋನ್‌ಪೇ, ಗೂಗಲ್‌ಪೇ. ಲೀಡರ್‌ನ ಸ್ವಂತ ನಂಬರ್‌ಗೆ ದೇಣಿಗೆ ಹಾಕಿಸಿಕೊಂಡರೆ ಅವನ ಸಂಬಳ, ಸಾಲ, ದೇಣಿಗೆ ಎಲ್ಲ ಒಂದೇ ಖಾತೆಯಲ್ಲಿ ಬೆರೆತುಹೋಗುತ್ತೆ. ಅವನು ಒಂದು ರೂಪಾಯಿ ಮುಟ್ಟದಿದ್ದರೂ ನಾಳೆ ಯಾರಾದ್ರೂ ಕೇಳಿದಾಗ ತೋರಿಸೋಕೆ ಏನೂ ಇರಲ್ಲ.

ಚರ್ಚ್ ಹೆಸರಿನ ಖಾತೆ, ನಂಬರ್ ಇರೋ ರಸೀದಿ ಪುಸ್ತಕ, ಡಬ್ಬಿ ತೆರೆಯುವಾಗ ಇಬ್ಬರ ಸಹಿ, ಹಬ್ಬ ಮುಗಿದ ವಾರವೇ ನೋಟಿಸ್ ಬೋರ್ಡ್‌ನಲ್ಲಿ ಖರ್ಚು ವೆಚ್ಚ. ಇಷ್ಟು ಮಾಡಿದರೆ ಅರ್ಧ ಜಗಳ ಹುಟ್ಟೋದೇ ಇಲ್ಲ.

ಬೇರೆ ಧರ್ಮದ ಗೆಳೆಯರು ಬಂದರೆ?

ಕ್ರಿಕೆಟ್ ಟೂರ್ನಿಗೆ, ಕ್ರಿಸ್‌ಮಸ್ ಕಾರ್ಯಕ್ರಮಕ್ಕೆ ಪಕ್ಕದ ಬೀದಿ ಗೆಳೆಯರು ಬರೋದು ಸಹಜ. ಮೈಸೂರಲ್ಲಿ ಒಬ್ಬರ ಹಬ್ಬಕ್ಕೆ ಇನ್ನೊಬ್ಬರು ಹೋಗೋದು ಹಳೇ ರೂಢಿ. ಆದರೆ ಇವತ್ತು ಅನುಮಾನ ಹುಟ್ಟೋದೂ ಇಲ್ಲೇ.

ಸಂವಿಧಾನದ 25ನೇ ವಿಧಿ ತಮ್ಮ ಧರ್ಮ ಪಾಲಿಸೋಕೆ, ಪ್ರಚಾರ ಮಾಡೋಕೆ ಎಲ್ಲರಿಗೂ ಹಕ್ಕು ಕೊಟ್ಟಿದೆ. ಪ್ರಚಾರದ ಹಕ್ಕು ಅಂದ್ರೆ ಇನ್ನೊಬ್ಬರನ್ನು ಮತಾಂತರ ಮಾಡೋ ಹಕ್ಕಲ್ಲ ಅಂತ ಸುಪ್ರೀಂ ಕೋರ್ಟ್ 1977ರಲ್ಲೇ ಹೇಳಿದೆ. ರಾಜ್ಯದಲ್ಲಿ 2022ರಲ್ಲಿ ಮತಾಂತರ ತಡೆ ಕಾಯ್ದೆ ಬಂತು, 2023ರ ಜೂನ್‌ನಲ್ಲಿ ಅದನ್ನು ಹಿಂಪಡೆಯಲು ಸಚಿವ ಸಂಪುಟ ತೀರ್ಮಾನಿಸಿತು. ರಾಜಕೀಯ ಏನೇ ಇರಲಿ, ಲೀಡರ್ ಮಟ್ಟಿಗೆ ದಾರಿ ಸರಳ. ಬೇರೆ ಧರ್ಮದ 18 ತುಂಬದ ಮಗು ಬಂದರೆ ಅಪ್ಪ ಅಮ್ಮನಿಗೆ ಮೊದಲೇ ಗೊತ್ತಿರಬೇಕು. ಆಟಕ್ಕೆ ಅಂತ ಕರೆದು ಪ್ರಾರ್ಥನೆಗೆ ಕೂರಿಸಬಾರದು. ಏನು ಕಾರ್ಯಕ್ರಮವೋ ಅದನ್ನೇ ಹೇಳಿ ಕರೆಯಬೇಕು.

ಲೀಡರ್ ಬೆಂಗಳೂರಿಗೆ ಹೋದಮೇಲೆ

ಈ ಎಲ್ಲ ಸಂಘಗಳ ದೊಡ್ಡ ಕಷ್ಟ ಇದು. ಡಿಗ್ರಿ ಮುಗೀತು, ಕೆಲಸ ಸಿಕ್ತು, ಲೀಡರ್ ಊರು ಬಿಟ್ಟ. ಹಾಡಿನ ಪುಸ್ತಕ, ರಸೀದಿ ಪುಸ್ತಕ, ಪೋಷಕರ ನಂಬರ್ ಎಲ್ಲ ಅವನ ಬ್ಯಾಗಲ್ಲೋ ಫೋನಲ್ಲೋ ಉಳೀತು. ಆರು ತಿಂಗಳಲ್ಲಿ ಸಂಘ ಖಾಲಿ. ಅದಕ್ಕೇ ಅಧ್ಯಕ್ಷನ ಜೊತೆ ಒಬ್ಬ ಕಿರಿಯನನ್ನೋ ಕಿರಿಯಳನ್ನೋ ಮೊದಲ ದಿನದಿಂದಲೇ ಕೂರಿಸಿ ಕೆಲಸ ಕಲಿಸಬೇಕು. ದಾಖಲೆಗಳು ಚರ್ಚ್ ಆಫೀಸಿನಲ್ಲಿರಬೇಕು.

ಹಿರಿಯರ ಪಾಲೂ ಇದೆ. ಹುಡುಗರಿಗೆ ಕುರ್ಚಿ ಜೋಡಿಸೋ ಕೆಲಸ ಮಾತ್ರ ಕೊಟ್ಟು ಕಮಿಟಿ ಮೀಟಿಂಗ್‌ನಲ್ಲಿ ಬಾಯಿ ಬಿಡೋಕೆ ಬಿಡದಿದ್ದರೆ ಅವರು ಊರಲ್ಲಿದ್ದರೂ ಚರ್ಚಿಗೆ ಬರಲ್ಲ.

ಏನೇನು ಕೇಳಬಹುದು?

ಪೋಷಕರು: ಜೊತೆಗೆ ಹೋಗೋ ದೊಡ್ಡವರು ಯಾರು, ಎಷ್ಟು ಗಂಟೆಗೆ ವಾಪಸ್, ಫಾದರ್ ಅಥವಾ ಸಭಾಪಾಲಕರಿಗೆ ಗೊತ್ತಿದೆಯಾ?

ಅಂಗಡಿಯವರು: ಯಾವ ಚರ್ಚ್, ರಸೀದಿ ಇದೆಯಾ, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಬರೋ ಹೆಸರು ಯಾರದ್ದು?

ಈ ಪ್ರಶ್ನೆ ಕೇಳಿದರೆ ಒಳ್ಳೇ ಲೀಡರ್ ಬೇಜಾರು ಮಾಡ್ಕೊಳ್ಳಲ್ಲ, ಉತ್ತರ ಅವನ ಹತ್ರ ರೆಡಿ ಇರುತ್ತೆ. ಮಕ್ಕಳಿಗೆ ತೊಂದರೆ ಆಗ್ತಿದೆ ಅನಿಸಿದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ತುರ್ತು ಇದ್ದರೆ 112.